ಚಿಗರಿಗಾಗಿ ಕಾದು ಕೂತಾಗ ಹೊತ್ತು ಕಳೆಯುವುದು ಹೇಗೆ?

ಪ್ರಶ್ನೆ: ಸರ್, ನಮ್ಮೂರು ಕೊಪ್ಪಳ ಜಿಲ್ಲೆಯ ಕುಕನೂರು ತಾಲ್ಲೂಕಿನಲ್ಲಿದೆ. ನಮ್ಮ ಚಿಕ್ಕಪ್ಪನ ಕಡಲೆ ಹೊಲಕ್ಕೆ ಚಿಗರಿಗಳು (ಕೃಷ್ಣಮೃಗಗಳು) ಬರುತ್ತವೆ. ಫೋಟೊ ತೆಗೆಯಬೇಕು ಅಂತ ಹಳೆಯ ಕ್ಯಾಮೆರಾ ಒಂದನ್ನು ಕೊಂಡಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಬದುವಿನ ಪಕ್ಕ ಕೂತರೆ ಮಧ್ಯಾಹ್ನ ಎರಡರವರೆಗೂ ಕೂರುತ್ತೇನೆ. ಎಷ್ಟೋ ದಿನ ಏನೂ ಬರಲ್ಲ. ಬೇಜಾರಾಗಿ ಮೊಬೈಲ್ ಹಿಡಿದರೆ, ತಲೆ ಎತ್ತುವಷ್ಟರಲ್ಲಿ ಬಂದು ಹೋಗಿರುತ್ತವೆ. ನಮ್ಮ ಮಾವನ ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಗೆಳೆಯರ ಜೊತೆ ಜಿಂಕೆ ಬೇಟೆಗೆ ಹೋಗುತ್ತಾನೆ. ಮರದ ಮೇಲೆ ಇಡೀ ದಿನ ಕೂರುತ್ತಾರಂತೆ. ‘ಇಯರ್‌ಫೋನ್ ಹಾಕ್ಕೊಂಡು ಕಥೆ ಕೇಳು, ಪುಸ್ತಕ ಓದು, ಏನಾದರೂ ತಿಂತಾ ಇರು, ಕಾಡಿನ ಬಣ್ಣದ ಡ್ರೆಸ್ ತಗೋ’ ಅಂತಾನೆ. ಅಷ್ಟು ಹೊತ್ತು ಬೇಜಾರಿಲ್ಲದೆ ಕೂರುವುದು ಹೇಗೆ? ಆ ಡ್ರೆಸ್ ನಿಜಕ್ಕೂ ಬೇಕಾ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನೀವು ಪಡುತ್ತಿರುವ ಬೇಜಾರಿನಲ್ಲಿ ಅರ್ಧಕ್ಕರ್ಧ ಸುಮ್ನೆ ಪಡುತ್ತಿರುವುದು. ಎಂಟಕ್ಕೆ ಹೋಗಿ ಎರಡರವರೆಗೆ ಕೂರುತ್ತೇನೆ ಅಂತ ಬರೆದಿದ್ದೀರಿ. ಚಿಗರಿಗಳು ಚೆನ್ನಾಗಿ ಓಡಾಡುವ ಹೊತ್ತು ಮುಗಿಯುತ್ತ ಬಂದಾಗ ನೀವು ಹೋಗುತ್ತೀರಿ. ಅವು ಮತ್ತೆ ಏಳುವ ಮೊದಲೇ ಎದ್ದು ಬರುತ್ತೀರಿ. ನಡುವೆ ಅವು ಎಲ್ಲೋ ಬಯಲಲ್ಲಿ ಕೂತು ಮೆಲುಕು ಹಾಕುತ್ತಿರುತ್ತವೆ. ಆ ಹೊತ್ತಿನಲ್ಲಿ ಯಾರು ಕೂತರೂ ಬೇಜಾರು ಬಂದೇ ಬರುತ್ತದೆ. ಹಾಗಾಗಿ ಹೊತ್ತು ಕಳೆಯುವ ಉಪಾಯಕ್ಕಿಂತ ಮುಂಚೆ ಯಾವ ಹೊತ್ತಿಗೆ ಕೂರಬೇಕು ಅನ್ನುವುದು ಸರಿಯಾಗಬೇಕು.

ಚಿಗರಿ, ಅಂದರೆ ಕೃಷ್ಣಮೃಗ, ಹಗಲು ಮೇಯುವ ಪ್ರಾಣಿ. ಬೆಳಕು ಹರಿದಾಗಿನಿಂದ ಬಿಸಿಲು ಏರುವವರೆಗೆ ಒಂದು ಪಾಳಿ, ಬಿಸಿಲು ಇಳಿದ ಮೇಲೆ ಕತ್ತಲಾಗುವವರೆಗೆ ಇನ್ನೊಂದು ಪಾಳಿ. ಚಳಿಗಾಲದಲ್ಲಿ ಬೆಳಗಿನ ಪಾಳಿ ಹತ್ತು-ಹತ್ತೂವರೆ ತನಕ ಎಳೆಯುತ್ತದೆ. ಏಪ್ರಿಲ್-ಮೇನಲ್ಲಿ, ರಾಯಚೂರು-ಬಳ್ಳಾರಿ ಬಿಸಿಲು 40 ಡಿಗ್ರಿ ದಾಟಿದಾಗ, ಎಂಟಕ್ಕೆಲ್ಲ ಮುಗಿದು ಹೋಗುತ್ತದೆ. ಡಿಸೆಂಬರ್ ಕೊನೆಗೆ ನಿಮ್ಮ ಕಡೆ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ. ನೀವು ಆರಕ್ಕೆ ಕೂತಿರಬೇಕು. ಹತ್ತಕ್ಕೆ ಎದ್ದುಬಿಡಿ. ಮನೆಗೆ ಹೋಗಿ ಒಗ್ಗಾಣಿ-ಮಿರ್ಚಿ ತಿಂದು ಮಲಗಿ. ನಾಲ್ಕಕ್ಕೆ ಮತ್ತೆ ಬನ್ನಿ. ಆರು ಗಂಟೆ ಒಂದೇ ಸಮ ಕೂರುವ ಬದಲು ನಾಲ್ಕು ಗಂಟೆ ಬೆಳಿಗ್ಗೆ, ಎರಡು ಗಂಟೆ ಸಂಜೆ. ಕೂರುವ ಗಂಟೆ ಅಷ್ಟೇ, ಕಾಣುವುದು ಮಾತ್ರ ಎಷ್ಟೋ ಪಾಲು ಜಾಸ್ತಿ.

ಜಾಗದ ವಿಷಯವೂ ಹಾಗೆಯೇ. ಕಡಲೆ ಹೊಲಕ್ಕೆ ಬರುತ್ತವೆ ಅಂತ ಆ ಹೊಲದ ಬದುವಿನ ಮೇಲೇ ಕೂತರೆ ಪ್ರಯೋಜನ ಕಡಿಮೆ. ಅಕ್ಕಪಕ್ಕದ ಬೀಳು ಭೂಮಿಯಲ್ಲಿ, ಹುಲ್ಲಿನ ಬಯಲಿನಲ್ಲಿ ಒಂದು ಸುತ್ತು ಹಾಕಿ. ಒಂದೇ ಕಡೆ ಹಿಕ್ಕೆ ರಾಶಿ ಬಿದ್ದಿರುತ್ತದೆ. ಹಳೆಯದು ಬಿಳಿಚಿಕೊಂಡು ಪುಡಿಯಾಗಿರುತ್ತದೆ, ಅದರ ಮೇಲೇ ಕರ್ರಗೆ ಮಿಂಚುವ ಹೊಸದು ಇರುತ್ತದೆ. ಅದು ಒಂದು ಬಲಿತ ಗಂಡಿನ ಗಡಿ ಗುರುತು. ಆ ಗಂಡು ದಿನಕ್ಕೆ ಹಲವು ಸಲ ಅಲ್ಲಿಗೆ ಬಂದೇ ಬರುತ್ತದೆ. ಅಲ್ಲಿಂದ ನೂರು ಮೀಟರ್ ದೂರದಲ್ಲಿ, ಬೆನ್ನಿಗೆ ಒಂದು ಬಳ್ಳಾರಿ ಜಾಲಿ ಪೊದೆ ಬರುವ ಹಾಗೆ, ಸೂರ್ಯ ನಿಮ್ಮ ಹಿಂದಿರುವ ಹಾಗೆ ಕೂತುಕೊಳ್ಳಿ. ಅಂದಹಾಗೆ, ಆ ಜಾಲಿಯ ಕಾಯಿ ಚಿಗರಿಗಳಿಗೆ ಇಷ್ಟ. ಬೇಸಿಗೆಯಲ್ಲಿ ಕಾಯಿ ಉದುರಿದ ಕಡೆ ಅವು ಹುಡುಕಿಕೊಂಡು ಬರುತ್ತವೆ.

ಇನ್ನು ನಿಮ್ಮ ಮಾವನ ಮಗನ ಸಲಹೆಗಳು. ಅವನ ಊರಿಗೆ ಅವು ಸರಿ. ವಿಸ್ಕಾನ್ಸಿನ್‌ನಲ್ಲಿ ಲೈಸೆನ್ಸ್ ಪಡೆದು, ಗೊತ್ತುಮಾಡಿದ ದಿನಗಳಲ್ಲಿ, ಬಿಳಿಬಾಲದ ಜಿಂಕೆಯನ್ನು ಬೇಟೆಯಾಡಬಹುದು. ಬಂದೂಕಿನ ಬೇಟೆಗೆ ಅಲ್ಲಿ ಮುಖ್ಯವಾಗಿ ನವೆಂಬರ್‌ನಲ್ಲಿ ಒಂಬತ್ತು ದಿನ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಕೃಷ್ಣಮೃಗ ಇದೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು. ಬೆಳೆ ತಿಂದರೂ ಅಷ್ಟೇ. ಇದು ನಿಮಗೆ ಗೊತ್ತಿದೆ, ಕ್ಯಾಮೆರಾ ಹಿಡಿದಿದ್ದೀರಿ. ಆದರೆ ನೀವು ಹೊಲದಲ್ಲಿ ಅಡಗಿ ಕೂತಿದ್ದನ್ನು ಕಂಡವರಿಗೆ ಗೊತ್ತಿರಲ್ಲ. ಹೊಲದ ಯಜಮಾನರಿಗೂ ಊರಿನ ನಾಲ್ಕು ಜನಕ್ಕೂ ಮೊದಲೇ ಹೇಳಿಡಿ. ಅರಣ್ಯ ಇಲಾಖೆಯ ಬೀಟ್ ಗಾರ್ಡ್ ಪರಿಚಯ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಸಲಹೆ ಇಲ್ಲಿಗೆ ಯಾಕೆ ಹೊಂದಲ್ಲ ಅಂದರೆ, ಪ್ರಾಣಿ ಬೇರೆ, ಜಾಗವೂ ಬೇರೆ. ಬಿಳಿಬಾಲದ ಜಿಂಕೆ ಕಾಡಿನದು. ಅದು ಮೂಗು-ಕಿವಿಯನ್ನು ನಂಬಿ ಬದುಕುವ ಪ್ರಾಣಿ. ಗಾಳಿ ನಿಮ್ಮ ಕಡೆಯಿಂದ ಅದರ ಕಡೆ ಬೀಸಿದರೆ ಕೆಲಸ ಕೆಟ್ಟಂತೆ. ಅದಕ್ಕೇ ಅಲ್ಲಿನವರು ಮರದ ಮೇಲೆ ಕೂರುತ್ತಾರೆ. ನವೆಂಬರ್ ಹೊತ್ತಿಗೆ ಅಲ್ಲಿ ಎಲೆ ಉದುರಿ ನೆಲವೆಲ್ಲ ತರಗು. ಜಿಂಕೆ ಕಾಲಿಟ್ಟರೆ ಸದ್ದು ಬರುತ್ತದೆ. ಪುಸ್ತಕ ಓದುತ್ತಿದ್ದವನೂ ಆ ಸದ್ದಿಗೆ ತಲೆ ಎತ್ತಬಹುದು. ನಮ್ಮ ಎರೆ ಹೊಲದಲ್ಲಿ ಮುಂಜಾನೆ ಇಬ್ಬನಿಗೆ ಮಣ್ಣು ಮೆತ್ತಗಾಗಿರುತ್ತದೆ. ಹತ್ತು ಚಿಗರಿ ನಿಮ್ಮ ಮುಂದೆಯೇ ಹಾದು ಹೋದರೂ ಒಂದು ಸದ್ದು ಬರಲ್ಲ. ಕಣ್ಣಿಗೆ ಬಿದ್ದರೆ ಉಂಟು, ಇಲ್ಲವಾದರೆ ಇಲ್ಲ.

ಚಿಗರಿ ನಂಬುವುದೂ ಕಣ್ಣನ್ನೇ. ಬಯಲಿನ ಪ್ರಾಣಿ ಅಲ್ವಾ, ದೂರದ ಅಲುಗಾಟ ಅದಕ್ಕೆ ಬೇಗ ಕಾಣುತ್ತದೆ. ನಿಮ್ಮ ಬುತ್ತಿಯ ವಾಸನೆಗಿಂತ, ಬುತ್ತಿ ಬಿಚ್ಚುವ ಕೈ ಅದಕ್ಕೆ ಹೆದರಿಕೆ ಹುಟ್ಟಿಸುತ್ತದೆ. ಆದ್ದರಿಂದ ಇಲ್ಲಿ ಹೊತ್ತು ಕಳೆಯಲು ಏನು ಮಾಡಿದರೂ ಎರಡು ಮಾತು ಪಾಲಿಸಿ. ಕಣ್ಣು ಹೊಲ ಬಿಟ್ಟು ಕದಲಬಾರದು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಆಡಬಾರದು.

ಮೊಬೈಲ್ ಯಾಕೆ ಬೇಡ ಅನ್ನುವುದು ಇಲ್ಲಿಗೆ ತಿಳಿಯಿತು. ಅದರಲ್ಲಿ ತಪ್ಪು ಏನೂ ಇಲ್ಲ, ಆದರೆ ಅದು ತಲೆಯನ್ನು ಕೆಳಗೆ ಹಿಡಿದಿಡುತ್ತದೆ. ಇನ್ನೊಂದು ತೊಂದರೆಯೂ ಇದೆ. ನಸುಕಿನಲ್ಲಿ ನಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಒಮ್ಮೆ ಸ್ಕ್ರೀನ್ ನೋಡಿದರೆ ಅದೆಲ್ಲ ಹಾಳು, ಮತ್ತೆ ಮೊದಲಿನಿಂದ ಶುರು. ಫೋನನ್ನು ಸೈಲೆಂಟ್ ಮಾಡಿ ಚೀಲದ ತಳಕ್ಕೆ ಹಾಕಿ. ಇಯರ್‌ಫೋನ್ ಕೂಡ ಬೆಳಗಿನ ಪಾಳಿಯಲ್ಲಿ ಬೇಡ. ಬಯಲಿನಲ್ಲಿ ಚಿಗರಿ ಸದ್ದು ಮಾಡದಿದ್ದರೂ ಉಳಿದವು ಮಾಡುತ್ತವೆ. ಟಿಟ್ಟಿಭ ಒಂದೇ ಸಮ ಕೂಗತೊಡಗಿದರೆ ಅದರ ಗೂಡಿನ ಹತ್ತಿರ ಯಾರೋ ಬಂದಿದ್ದಾರೆ ಅಂತ ಅರ್ಥ. ಗೌಜುಗ ಬುರ್ ಅಂತ ಎದ್ದರೆ ಅಲ್ಲಿ ಏನೋ ನಡೆದು ಬರುತ್ತಿದೆ. ಪಕ್ಕದಲ್ಲಿ ಒಣ ಹುಲ್ಲು ಸರಸರ ಅಂದರೆ ನಿಮ್ಮ ಕಾಲಿನ ಹತ್ತಿರ ಹಾವಿದೆಯಾ ಅಂತಲೂ ನೋಡಿಕೊಳ್ಳಬೇಕು. ಕೊಳಕುಮಂಡಲ ಇರುವ ನೆಲ ಇದು. ಎರಡೂ ಕಿವಿ ಬೇಕು.

ಈಗ ಏನು ಮಾಡಬಹುದು ಅನ್ನುವುದಕ್ಕೆ ಬರೋಣ. ನನ್ನ ಮಟ್ಟಿಗೆ ಹೊತ್ತು ಹೋಗಿದ್ದೇ ಗೊತ್ತಾಗದ ಕೆಲಸ ಒಂದೇ, ಲೆಕ್ಕ ಬರೆಯುವುದು. ಒಂದು ಪುಟ್ಟ ನೋಟ್‌ಬುಕ್, ಒಂದು ಪೆನ್ಸಿಲ್. ಪೆನ್ನು ಬೇಡ, ಇಬ್ಬನಿಗೆ ಬರೆದದ್ದು ಕದಡುತ್ತದೆ. ಕೈಗಡಿಯಾರ ಹತ್ತು ನಿಮಿಷಕ್ಕೊಮ್ಮೆ ನಡುಗುವಂತೆ ಇಟ್ಟುಕೊಳ್ಳಿ. ಅದು ನಡುಗಿದಾಗ ಬಯಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಒಮ್ಮೆ ನೋಡಿ. ಆ ಕ್ಷಣದಲ್ಲಿ ಯಾವ ಪ್ರಾಣಿ ಏನು ಮಾಡುತ್ತಿದೆಯೋ ಅಷ್ಟೇ ಬರೆಯಿರಿ. ‘7.10. ಒಟ್ಟು 14. ಮೇಯುವುದು 9, ನಿಂತದ್ದು 2, ಕೂತದ್ದು 3. ಕರಿ ಗಂಡು 1, ಹಿಕ್ಕೆ ರಾಶಿ ಹತ್ತಿರ. ಗಾಳಿ ಮೂಡಲಿಂದ.’ ಇಷ್ಟು ಸಾಕು. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವವರು ಬಳಸುವ ವಿಧಾನವೇ ಇದು. ಏನೂ ಕಾಣದಿದ್ದರೆ ‘ಇಲ್ಲ’ ಅಂತ ಬರೆಯಿರಿ. ಅದನ್ನು ಮಾತ್ರ ಬಿಡಬೇಡಿ.

ಇದರ ಗುಣ ಏನೆಂದರೆ, ಕಾಯುವುದು ಅನ್ನುವ ದೊಡ್ಡ ಕೆಲಸ ಹತ್ತು ಹತ್ತು ನಿಮಿಷದ ತುಂಡಾಗುತ್ತದೆ. ಗಡಿಯಾರದ ಮುಂದಿನ ನಡುಕಕ್ಕೆ ಇನ್ನೂ ನಾಲ್ಕು ನಿಮಿಷ ಇದೆ ಅನ್ನುವಾಗ ಬೇಜಾರು ಬರಲ್ಲ, ಕುತೂಹಲ ಬರುತ್ತದೆ. ಕೂತಿದ್ದವು ಎದ್ದವಾ? ಕರಿ ಗಂಡು ಎತ್ತ ಹೋಯಿತು? ನಾಲ್ಕಾರು ಮುಂಜಾನೆಯ ಹಾಳೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಹಿಂಡು ಎಷ್ಟು ಗಂಟೆಗೆ ಯಾವ ಕಡೆಯಿಂದ ಬರುತ್ತದೆ, ಯಾವ ಗಾಳಿಗೆ ಎತ್ತ ಮುಖ ಮಾಡಿ ಕೂರುತ್ತದೆ ಅನ್ನುವುದು ಕಾಣತೊಡಗುತ್ತದೆ. ಆಮೇಲೆ ನೀವು ಸುಮ್ಮನೆ ಕಾಯುವುದಿಲ್ಲ. ಬರುವ ಹೊತ್ತಿಗೆ ಹೋಗಿ ಕೂರುತ್ತೀರಿ. ಚಿಕ್ಕಪ್ಪನಿಗೂ ಇದರಿಂದ ಉಪಕಾರ ಇದೆ. ಕಡಲೆ ಚಿಗುರನ್ನು ಚಿಗರಿ ಮೇಯುತ್ತದೆ, ಅವರಿಗಾಗುವ ನಷ್ಟ ಸಣ್ಣದಲ್ಲ. ಯಾವ ಬದುವಿನಿಂದ ಎಷ್ಟು ಗಂಟೆಗೆ ನುಗ್ಗುತ್ತವೆ ಅನ್ನುವುದು ಗೊತ್ತಾದರೆ ಇಡೀ ದಿನ ಹೊಲ ಕಾಯುವ ಬದಲು ಆ ಒಂದೆರಡು ಗಂಟೆ ಅಲ್ಲಿ ನಿಂತರೆ ಸಾಕಾಗಬಹುದು.

ಎರಡನೆಯದು, ಒಂದೇ ಪ್ರಾಣಿಯನ್ನು ಹಿಡಿದು ನೋಡುವುದು. ಹಿಂಡನ್ನು ಹಿಂಡಾಗಿ ನೋಡಿದರೆ ಐದು ನಿಮಿಷಕ್ಕೆ ಸಾಕು ಅನ್ನಿಸುತ್ತದೆ. ಒಂದು ಗಂಡನ್ನು ಆರಿಸಿಕೊಂಡು ಅರ್ಧ ಗಂಟೆ ಅದರ ಹಿಂದೆಯೇ ಕಣ್ಣು ಇಡಿ. ಸಾಧಾರಣ ಬೈನಾಕ್ಯುಲರ್ ಇದ್ದರೂ ಆಯಿತು. ಮೊಣಕೈಯನ್ನು ಮೊಣಕಾಲಿಗೆ ಊರಿ ಹಿಡಿದರೆ ಅಲುಗಲ್ಲ. ಬಲಿತ ಕರಿ ಗಂಡು ತನ್ನ ಗಡಿಯ ಒಣ ಕಡ್ಡಿಯೊಂದರ ಹತ್ತಿರ ಬಂದು ನಿಲ್ಲುತ್ತದೆ. ಮೊದಲು ಮೂಸುತ್ತದೆ. ಆಮೇಲೆ ತಲೆ ವಾರೆ ಮಾಡಿ, ಕಣ್ಣಿನ ಮೂಲೆಯನ್ನು ಕಡ್ಡಿಯ ತುದಿಗೆ ತಂದು ಮೆತ್ತಗೆ ಒತ್ತುತ್ತದೆ. ಅಷ್ಟು ಉದ್ದದ ಕೊಂಬು ಹೊತ್ತ ತಲೆ, ಸೂಜಿಗೆ ದಾರ ಪೋಣಿಸುವ ಹುಷಾರಿಯಿಂದ ಬಾಗುತ್ತದೆ. ಕಣ್ಣಿನ ಕೆಳಗಿನ ಗ್ರಂಥಿಯ ಅಂಟು ಆ ಕಡ್ಡಿಗೆ ಹತ್ತುತ್ತದೆ. ಅದು ಹೋದ ಮೇಲೆ, ಹಿಂಡು ದೂರ ಸರಿದ ಮೇಲೆ, ಹೋಗಿ ನೋಡಿದರೆ ಕಡ್ಡಿಯ ತುದಿ ಕಪ್ಪಗೆ ಅಂಟಂಟಾಗಿರುತ್ತದೆ. ಹೆಣ್ಣು ಹತ್ತಿರ ಬಂದಾಗ ಅದೇ ಗಂಡು ಮೂತಿ ಮೇಲೆತ್ತಿ, ಕೊಂಬುಗಳನ್ನು ಬೆನ್ನಿಗೆ ಒರಗಿಸಿ, ಬಾಲ ಸುರುಳಿ ಮಾಡಿಕೊಂಡು ಠೀವಿಯಿಂದ ಹೆಜ್ಜೆ ಹಾಕುತ್ತದೆ. ಆಗ ಕಣ್ಣಿನ ಕೆಳಗಿನ ಆ ಸೀಳು ತೆರೆದುಕೊಂಡಿರುವುದು ಕೂಡ ಕಾಣುತ್ತದೆ. ಮಾರ್ಚ್‌ನಿಂದ ಮೇ, ಆಗಸ್ಟ್‌ನಿಂದ ಅಕ್ಟೋಬರ್ ಇದೆಲ್ಲ ಜಾಸ್ತಿ. ಇಂಥದ್ದು ಕಾಯದವನಿಗೆ ಕಾಣಲ್ಲ. ಫೋಟೊ ಸಿಗದ ದಿನವೂ ಇದೊಂದು ಕಂಡರೆ ಬೆಳಗ್ಗೆ ಎದ್ದು ಬಂದದ್ದಕ್ಕೆ ಸಾರ್ಥಕ ಅಂತ ನಾನು ಮನಸಾರೆ ಹೇಳುತ್ತೇನೆ.

ಹಿಂಡಿನ ತಲೆಗಳ ಮೇಲೂ ಗಮನ ಇರಲಿ. ಎಲ್ಲ ತಲೆ ಒಟ್ಟಿಗೆ ಒಂದೇ ಕಡೆ ತಿರುಗಿದರೆ ನೀವೂ ಅತ್ತಲೇ ನೋಡಿ. ಹೆಚ್ಚಾಗಿ ಬೀದಿ ನಾಯಿ ಇರುತ್ತದೆ. ಅದೃಷ್ಟ ಇದ್ದರೆ ತೋಳ. ನಿಮ್ಮ ಜಿಲ್ಲೆಯಲ್ಲೇ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಇದೆ. ಕೊಪ್ಪಳದ ಬಯಲಿಗೆ ತೋಳ ಹೊಸದೇನಲ್ಲ. ಚಿಗರಿ ಗಾಬರಿಯಾದರೆ ಮೊದಲು ಒಂದು ಹೆಣ್ಣು ನಿಂತಲ್ಲಿಂದ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ, ಹಿಂದೆಯೇ ಉಳಿದವು ಒಂದೊಂದಾಗಿ ಚಿಮ್ಮುತ್ತ ಓಡುತ್ತವೆ. ಗಂಟೆಗೆ 80 ಕಿಲೋಮೀಟರ್ ವೇಗ ಮುಟ್ಟಬಲ್ಲ ಪ್ರಾಣಿ ಅದು. ಕ್ಯಾಮೆರಾ ಎತ್ತಿಕೊಳ್ಳುವ ಹೊತ್ತಿಗೆ ಮುಗಿದಿರುತ್ತದೆ. ಅದಕ್ಕೇ ಕ್ಯಾಮೆರಾ ತೊಡೆಯ ಮೇಲೆ ಇರಲಿ, ಚೀಲದಲ್ಲಿ ಬೇಡ.

ಚಿತ್ರ ಬರೆಯಲು ಬಂದರೂ ಬರದಿದ್ದರೂ ಒಮ್ಮೆ ಪ್ರಯತ್ನಿಸಿ. ಕೊಂಬಿನ ಸುತ್ತು ಎಷ್ಟು, ಕಣ್ಣಿನ ಸುತ್ತಲಿನ ಬಿಳಿ ಎಲ್ಲಿಯವರೆಗೆ, ಕಾಲಿನ ಹೊರಬದಿಯ ಕಪ್ಪು ಎಲ್ಲಿಗೆ ನಿಲ್ಲುತ್ತದೆ. ಪೆನ್ಸಿಲ್ ಹಿಡಿದಾಗಲೇ ಇವು ಕಣ್ಣಿಗೆ ಬೀಳುವುದು. ಚಿಗರಿಯ ಕೊಂಬು ಬಿಳಿಬಾಲದ ಜಿಂಕೆಯ ಕೊಂಬಿನ ಹಾಗೆ ವರ್ಷ ವರ್ಷ ಉದುರಲ್ಲ. ಬದುಕಿರುವಷ್ಟು ದಿನ ಅದೇ ಕೊಂಬು. ಆದ್ದರಿಂದ ತುದಿ ಮುರಿದದ್ದು, ವಾರೆ ಬೆಳೆದದ್ದು ಇದ್ದರೆ ಆ ಗಂಡನ್ನು ಮುಂದಿನ ವರ್ಷವೂ ಗುರುತು ಹಿಡಿಯಬಹುದು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿಗೆ ಹೋಗಿದ್ದೀರಾ? ಹೋಗಿರದಿದ್ದರೆ ಹೋಗಿ ಬನ್ನಿ. ಮೋರ್ಯರ ಗುಡ್ಡದ ಕಲ್ಲುಮನೆಗಳನ್ನು ಎಲ್ಲರೂ ನೋಡುತ್ತಾರೆ. ಆ ಬೆಟ್ಟದ ಬಂಡೆಗಳ ಆಸರೆಯಲ್ಲಿ ಕೆಂಪು ಬಣ್ಣದ ಚಿತ್ರಗಳೂ ಇವೆ, ಜಿಂಕೆಗಳು, ಬೇಟೆಗಾರರು. ಎಷ್ಟೋ ಸಾವಿರ ವರ್ಷದ ಹಿಂದೆ ಇದೇ ಸೀಮೆಯಲ್ಲಿ ಯಾರೋ ಜಿಂಕೆಯನ್ನು ಬಹಳ ಹೊತ್ತು ನೋಡಿದ್ದರು. ನಾಲ್ಕು ಗೆರೆಯಲ್ಲಿ ಅದರ ಓಟವನ್ನು ಹಿಡಿಯಬೇಕಾದರೆ ನೋಡದೆ ಆಗಲ್ಲ.

ಕೈಗೆ ಕೆಲಸ ಬೇಕು ಅನ್ನಿಸಿದರೆ ನಮ್ಮ ಕುರಿ ಕಾಯುವವರನ್ನು ನೋಡಿ ಕಲಿಯಬೇಕು. ಕುರಿ ಮುಂದೆ ಮೇಯುತ್ತಿರುತ್ತದೆ, ಕೈಯಲ್ಲಿ ಕದಿರು ತಿರುಗುತ್ತಿರುತ್ತದೆ, ಉಣ್ಣೆ ನೂಲಾಗುತ್ತಿರುತ್ತದೆ. ಕಣ್ಣು ಮಾತ್ರ ಕುರಿಯ ಮೇಲೆ. ಹಿಂಡು ಕಾಯುತ್ತ ನೂಲುವ ಹಿರಿಯರು ನಿಮ್ಮ ಕಡೆ ಈಗಲೂ ಕಾಣಸಿಗುತ್ತಾರೆ. ಕೈ ತಾನಾಗಿ ಮಾಡುವ ಕೆಲಸ ಇರಬೇಕು, ಕಣ್ಣನ್ನು ಕೇಳಬಾರದು. ಹಗ್ಗ ಹೊಸೆಯುವುದು, ಗಂಟು ಹಾಕಿ ಬಿಚ್ಚುವುದು, ಜಪಮಾಲೆ ಎಣಿಸುವುದು, ಯಾವುದಾದರೂ ಸರಿ. ತೊಡೆಯ ಮೇಲೆ, ಕಂಬಳಿಯ ಒಳಗೆ ಮಾಡಿ. ಮನಸ್ಸಿಗೆ ಬೇಕಾದರೆ ಒಂದು ತತ್ವಪದವನ್ನೋ ದಾಸರ ಪದವನ್ನೋ ಹಿಂದಿನ ರಾತ್ರಿ ಚೀಟಿಯಲ್ಲಿ ಬರೆದು ತಂದು ಬಾಯಿಪಾಠ ಮಾಡಿ. ಒಂದು ಸಾಲು ನೋಡಿಕೊಳ್ಳಿ, ಚೀಟಿ ಜೇಬಿಗೆ ಹಾಕಿ, ಹತ್ತು ನಿಮಿಷ ಮನಸ್ಸಿನಲ್ಲೇ ಹೇಳಿಕೊಳ್ಳಿ. ಇಯರ್‌ಫೋನ್ ಕಥೆಗಿಂತ ಇದು ಎಷ್ಟೋ ಮೇಲು. ಕಥೆ ನಿಮ್ಮನ್ನು ಬೇರೆ ಊರಿಗೆ ಕರೆದುಕೊಂಡು ಹೋಗುತ್ತದೆ. ಪದ ಮನಸ್ಸಿನಲ್ಲಿ ಓಡುತ್ತಿದ್ದರೂ ನೀವು ಹೊಲದಲ್ಲೇ ಇರುತ್ತೀರಿ.

ಜೊತೆಗೆ ಗೆಳೆಯ ಬಂದರೆ ಮಾತಿನ ಆಸೆ ಬರುತ್ತದೆ. ಪಿಸುಮಾತು ಕೂಡ ಬೇಡ. ಅದು ಶುರುವಾದರೆ ನಿಲ್ಲಲ್ಲ. ನಡುಹಗಲಿನಲ್ಲಿ ಮನೆಗೆ ಹೋಗಲು ಆಗದೆ ಅಲ್ಲೇ ಉಳಿದರೆ, ಮರದ ನೆರಳಿಗೆ ಸರಿದು ಹುಲಿ-ಕುರಿ ಆಡಿ. ಮೂರು ಹುಲಿ, ಹದಿನೈದು ಕುರಿ, ನೆಲದ ಮೇಲೆ ಗೆರೆ, ಬೆಣಚು ಕಲ್ಲು ಮತ್ತು ಹುಣಸೆ ಬೀಜ. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿದ್ದಾರೆ. ಕಾವಲು ಕಾಯುವವರಿಗೂ ದಾರಿಹೋಕರಿಗೂ ಸದ್ದಿಲ್ಲದ ಆಟ ಇದು. ಒಬ್ಬರು ಬಯಲಿಗೆ ಮುಖ ಮಾಡಿ ಕೂರಲಿ. ಒಂದು ಆಟ ಮುಗಿದ ಮೇಲೆ ಜಾಗ ಬದಲಿಸಿ. ನಿದ್ದೆ ಬಂದರೂ ಸರದಿ ಹಾಕಿಕೊಂಡು ಮಲಗಿ, ನಾಚಿಕೆ ಪಡುವಂಥದ್ದೇನಿಲ್ಲ. ಚಿಗರಿಯೂ ಆಗ ಮಲಗಿರುತ್ತದೆ.

ಬೇಜಾರು ಅಂತ ನಾವು ಕರೆಯುವುದು ಎಷ್ಟೋ ಸಲ ಮೈನೋವು. ಈ ಮಾತನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಇದನ್ನು ಗಮನಿಸಲ್ಲ. ಬರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಅರ್ಧ ಗಂಟೆಗೆ ಕಾಲು ಜೋಮು ಹಿಡಿಯುತ್ತದೆ. ನೆಲದ ತಂಪು ಸೊಂಟಕ್ಕೆ ಏರುತ್ತದೆ. ಆಗ ಮನಸ್ಸು ‘ಇವತ್ತು ಏನೂ ಬರಲ್ಲ, ಎದ್ದು ಹೋಗೋಣ’ ಅನ್ನುತ್ತದೆ. ಒಂದು ಗೇಣು ಎತ್ತರದ ಮಣೆ, ಅದರ ಮೇಲೆ ಮಡಿಚಿದ ಗೋಣಿಚೀಲ, ಬೆನ್ನಿಗೆ ಮರದ ಬೊಡ್ಡೆ ಅಥವಾ ಬದು. ಇಷ್ಟಾದರೆ ಎರಡು ಗಂಟೆ ಆರಾಮವಾಗಿ ಕೂರಬಹುದು. ಗಡಿಯಾರ ನಡುಗಿದಾಗಲೆಲ್ಲ ಕಾಲ್ಬೆರಳು ಮಡಿಸಿ ಬಿಡಿ, ಮೀನಖಂಡ ಬಿಗಿ ಮಾಡಿ ಸಡಿಲಿಸಿ. ಹೊರಗೆ ಏನೂ ಅಲುಗಲ್ಲ, ರಕ್ತ ಓಡುತ್ತದೆ. ಕಣ್ಣಿಗೂ ಹಾಗೆಯೇ. ದೂರದ ಗುಡ್ಡ ಒಮ್ಮೆ, ಹತ್ತಿರದ ಹುಲ್ಲಿನ ತೆನೆ ಒಮ್ಮೆ. ಕೂರುವ ಮುಂಚೆ ಅಕ್ಕಪಕ್ಕದ ಕಲ್ಲನ್ನು ಕೋಲಿನಿಂದ ಹೊರಳಿಸಿ ನೋಡಿ, ಚೇಳು ಇರುತ್ತದೆ. ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಹಂದಿ ಕಾಟಕ್ಕೆ ಕೆಲವರು ರಾತ್ರಿ ಹೊಲದ ಸುತ್ತ ಬರಿ ತಂತಿಗೆ ಕರೆಂಟ್ ಬಿಡುತ್ತಾರೆ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ನಸುಕಿನಲ್ಲಿ ಹೋಗುವ ದಾರಿಯ ಪ್ರತಿ ಹೊಲದವರನ್ನೂ ಕೇಳಿಕೊಂಡೇ ಹೋಗಿ. ಅಮೆರಿಕದವರ ಹಾಗೆ ಮರದ ಮೇಲೆ ಕೂರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅಲ್ಲಿ ಬೇಟೆಗಾರರು ಪೆಟ್ಟು ತಿನ್ನುವ ಮುಖ್ಯ ಕಾರಣಗಳಲ್ಲಿ ಆ ಅಟ್ಟಣಿಗೆಯಿಂದ ಬೀಳುವುದೂ ಒಂದು. ಅದಕ್ಕೇ ಮೈಗೆ ಬೆಲ್ಟ್ ಕಟ್ಟಿಕೊಂಡು ಕೂರಿ ಅಂತ ಅವರಿಗೆ ಒತ್ತಿ ಒತ್ತಿ ಹೇಳುತ್ತಾರೆ. ನಿಮ್ಮ ಬಯಲಿನಲ್ಲಿ ಅದರಿಂದ ಲಾಭವೂ ಇಲ್ಲ.

ತಿನ್ನುವುದು ಹೊತ್ತು ಕಳೆಯಲು ಒಳ್ಳೆಯ ದಾರಿಯೇ, ಆದರೆ ತಿಂಡಿ ಆರಿಸಿಕೊಳ್ಳಬೇಕು. ಚಿಪ್ಸ್ ಪಾಕೀಟಿನ ಪರಪರ ಸದ್ದು ಮುಂಜಾನೆ ಬಹಳ ದೂರ ಹೋಗುತ್ತದೆ. ಕಡಕ್ ರೊಟ್ಟಿಯೂ ಬೇಡ. ಮೆತ್ತನೆಯ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ಸುರುಳಿ ಸುತ್ತಿ, ತುಂಡು ಮಾಡಿ ಬಟ್ಟೆಯಲ್ಲಿ ಕಟ್ಟಿಕೊಳ್ಳಿ. ಹುರಿದ ಶೇಂಗಾ ಇದ್ದರೆ ಮನೆಯಲ್ಲೇ ಸಿಪ್ಪೆ ಬಿಡಿಸಿ ತನ್ನಿ. ಎಲ್ಲವನ್ನೂ ಒಮ್ಮೆಗೇ ತಿನ್ನಬೇಡಿ. ಗಂಟೆಗೊಂದು ತುಂಡು ಅಂತ ಇಟ್ಟುಕೊಂಡರೆ ಅದಕ್ಕಾಗಿ ಕಾಯುವುದೂ ಒಂದು ಸುಖ. ನೀರು ಸ್ಟೀಲ್ ಬಾಟಲಿಯಲ್ಲಿ ಬೇಡ, ಬಿಸಿಲಿಗೆ ಮಿಂಚುತ್ತದೆ. ಹೊದಿಸಿದ ಬಾಟಲಿ ಇರಲಿ. ನೀರು ಕಡಿಮೆ ಕುಡಿದು ಮೂತ್ರ ತಡೆಯುವ ಅಭ್ಯಾಸ ಮಾತ್ರ ಬೇಡವೇ ಬೇಡ. ಬದುವಿನ ಹಿಂದೆ ಬಗ್ಗಿ ಹೋಗಿ ಬನ್ನಿ, ಅಷ್ಟೇ.

ಕಾಯುವ ಅಭ್ಯಾಸ ಇನ್ನೂ ಕೂಡಿ ಬಂದಿಲ್ಲ ಅನ್ನಿಸಿದರೆ ಒಂದು ದಿನ ದರೋಜಿ ಕರಡಿಧಾಮಕ್ಕೆ ಹೋಗಿ ಬನ್ನಿ. 1994ರಲ್ಲಿ ಆದ ಧಾಮ ಅದು. ಹಂಪಿಯಿಂದ ಹತ್ತಿರ. ಮಧ್ಯಾಹ್ನ ವೀಕ್ಷಣಾ ಗೋಪುರದಲ್ಲಿ ಕೂತರೆ ಎದುರಿನ ಕರಡಿಕಲ್ಲು ಗುಡ್ಡದಿಂದ ಕರಡಿಗಳು ಇಳಿದು ಬರುತ್ತವೆ. ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಮಿಶ್ರಣ ಹಚ್ಚಿರುತ್ತಾರೆ, ಆದ್ದರಿಂದ ಬಹುತೇಕ ದಿನ ಬಂದೇ ಬರುತ್ತವೆ. ನವಿಲು, ಮುಂಗುಸಿ, ಗೌಜುಗ ಅಲ್ಲೇ ಸುತ್ತಾಡುತ್ತಿರುತ್ತವೆ. ಹತ್ತು ನಿಮಿಷದ ಲೆಕ್ಕ ಬರೆಯುವುದನ್ನು ಕಲಿಯಲು ಅದಕ್ಕಿಂತ ಸುಲಭದ ಜಾಗ ನಮ್ಮ ಕಡೆ ಇಲ್ಲ. ಆದರೆ ಅದನ್ನು ನೋಡಿ ಚಿಗರಿಗೆ ಕಾಳು-ಉಪ್ಪು ಇಡಲು ಹೋಗಬೇಡಿ. ತಿನ್ನಲು ಜನರ ಹತ್ತಿರ ಬರುವುದನ್ನು ಕಲಿತ ಚಿಗರಿ ನಾಯಿಗೋ ಉರುಳಿಗೋ ಸುಲಭವಾಗಿ ಸಿಗುತ್ತದೆ. ಬೇಸಿಗೆಯಲ್ಲಿ ನೀರಿನ ಗುಂಡಿಯ ಹತ್ತಿರ ಕೂರುವುದೂ ಸರಿಯಲ್ಲ. ನಿಮ್ಮನ್ನು ಕಂಡು ಅವು ನೀರು ಕುಡಿಯದೆ ಹಿಂದಿರುಗುತ್ತವೆ. ಹುಲ್ಲಿನಲ್ಲಿ ಮರಿಯೊಂದೇ ಮುದುರಿ ಕೂತಿದ್ದರೆ ಅದು ತಬ್ಬಲಿ ಅಲ್ಲ, ತಾಯಿ ಅಲ್ಲೇ ದೂರದಲ್ಲಿ ಮೇಯುತ್ತಿರುತ್ತದೆ. ಮುಟ್ಟದೆ, ಫೋಟೊ ಕೂಡ ತೆಗೆಯದೆ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗಿ ಚಿಮ್ಮುವ ಫೋಟೊ ತೆಗೆಯುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ನೀವು ಫೋಟೊ ಹಂಚಿಕೊಳ್ಳುವಾಗ ಊರಿನ ಹೆಸರು, ಹೊಲದ ಗುರುತು ಹಾಕಬೇಡಿ. ಉರುಳು ಹಾಕುವವರೂ ಮೊಬೈಲ್ ನೋಡುತ್ತಾರೆ.

ಕೊನೆಗೆ ಡ್ರೆಸ್ಸಿನ ಮಾತು. ಬೇಡ, ಆ ದುಡ್ಡು ಉಳಿಸಿ. ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಬೇಟೆಯ ದಿನಗಳಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಮೇಲುಡುಪು ಹಾಕಲೇಬೇಕು ಅಂತ ಕಾನೂನಿದೆ, ಒಬ್ಬರ ಗುಂಡು ಇನ್ನೊಬ್ಬರಿಗೆ ತಗಲಬಾರದು ಅಂತ. ಹಾಗಿದ್ದೂ ಅವರಿಗೆ ಜಿಂಕೆ ಸಿಗುತ್ತದೆ. ಜಿಂಕೆಯಂಥ ಗೊರಸಿನ ಪ್ರಾಣಿಗಳ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ನಮಗೆ ಮೂರು. ಕಿತ್ತಳೆ ಮತ್ತು ಹಸಿರಿನ ವ್ಯತ್ಯಾಸ ಅವಕ್ಕೆ ಅಷ್ಟಾಗಿ ತಿಳಿಯಲ್ಲ. ತಿಳಿಯುವುದು ಅಲುಗಾಟ, ಹೊಳಪು, ಮತ್ತು ನಿಂತ ಮನುಷ್ಯನ ಆಕಾರ. ಮನೆಯಲ್ಲಿ ಕರಿ ಕಂಬಳಿ ಇದ್ದೇ ಇರುತ್ತದಲ್ಲ, ಅದನ್ನು ತಲೆಯಿಂದ ಹೊದ್ದು ಮೊಣಕಾಲಿನವರೆಗೆ ಇಳಿಬಿಡಿ. ಹೆಗಲು-ಕುತ್ತಿಗೆಯ ಆಕಾರ ಅಳಿಸಿ ಹೋಗುತ್ತದೆ. ಕೈ ಒಳಗೆ ಏನು ಮಾಡಿದರೂ ಕಾಣಲ್ಲ. ಡಿಸೆಂಬರ್ ಚಳಿಗೂ ಆಯಿತು. ಕಂಬಳಿ ಹೊದ್ದು ಕೂತ ಕುರಿ ಕಾಯುವವರನ್ನು ಆ ಚಿಗರಿಗಳು ದಿನಾ ನೋಡಿರುತ್ತವೆ, ಅಷ್ಟಾಗಿ ಹೆದರಲ್ಲ. ಗಡಿಯಾರದ ಗಾಜು ಮಣಿಕಟ್ಟಿನ ಒಳಮುಖಕ್ಕೆ ತಿರುಗಿಸಿಕೊಳ್ಳಿ, ಬಿಳಿ ಕರ್ಚೀಫು ಜೇಬಿನ ಒಳಗಿಡಿ. ಹಿಂಡು ಹತ್ತಿರ ಇರುವಾಗ ಹೊರಡುವ ಹೊತ್ತಾದರೂ ಏಳಬೇಡಿ. ಅವು ಮೇಯುತ್ತ ಸರಿದು ಹೋಗುವವರೆಗೆ ಕೂತಿದ್ದು, ಆಮೇಲೆ ಬದುವಿನ ಮರೆಯಿಂದ ಬನ್ನಿ. ನಾಳೆಯೂ ಅವು ಅಲ್ಲಿಗೇ ಬರಬೇಕಲ್ಲ.